ಹತ್ತೊಂಬತ್ತನೆಯ ದಿನದ ಇದ್ದಿಲು

ಇಲ್ಲಿ ಎಲ್ಲದಕ್ಕೂ ಒಂದೇ ಮಾತು, ಮದ್ದು.
ಕೆಮ್ಮಿಗೆ ಕುಡಿಯುವುದು ಮದ್ದು, ಕೋವಿಗೆ ತುಂಬುವುದು ಮದ್ದು,
ಕಕ್ಕಡದಲ್ಲಿ ಬೆಲ್ಲ ಹಾಕಿ ಬೇಯಿಸುವ ಸೊಪ್ಪು ಮದ್ದು,
ಕಾಫಿ ಗಿಡಕ್ಕೆ ಹೊಡೆಯುವುದೂ ಮದ್ದೇ.
ಯಾವ ಮದ್ದು ಯಾರ ಹೊಟ್ಟೆಗೆ ಇಳಿಯಿತೆಂದು ನೋಡಲು
ನನಗೆ ಸಂಬಳ.

ನೆಲ್ಯಹುದಿಕೇರಿಯ ಹಳೇ ಗೊಬ್ಬರದ ಗೋದಾಮು.
ಗೋಡೆಯಲ್ಲಿನ್ನೂ ಯೂರಿಯಾ ಚೀಲ ಒರಗಿದ ಗುರುತು.
ಮೂರು ಕಂಪನಿ, ಮೂರು ಯಂತ್ರ, ಒಂದೇ ತೋಡಿನ ನೀರು.
ಕಕ್ಕಡ ಒಂದಕ್ಕೆ ನಲ್ಲಿ ತಿರುಗಿಸಿದೆ.

ಪೊರೆಯ ಯಂತ್ರ ತಂದವನು ಸುಂಟಿಕೊಪ್ಪದ ಹಸೈನಾರ್.
ಲೋಟ ತುಂಬಿ ತಾನೇ ಕುಡಿದು ತೋರಿಸಿದ.
ನೀರು ಚೆನ್ನಾಗಿಯೇ ಇತ್ತು,
ಯಾವ ಬೆಟ್ಟದಿಂದ ಬಂದೆನೆಂಬುದನ್ನೂ ಮರೆತಷ್ಟು ಚೆನ್ನಾಗಿ.
ನಾನು ಹಿಂದಿನ ಪೈಪು ಹಿಡಿದು ನಡೆದೆ:
ಒಂದು ಕೊಡ ಕೊಟ್ಟು ಮೂರು ಕೊಡ ಚೆಲ್ಲುತ್ತಿತ್ತು
ಅದೇ ತೋಡಿಗೆ, ಕಷಾಯದಂತೆ ಇಳಿಸಿ.
'ಅದು ವೇಸ್ಟ್ ಮೇಡಂ' ಅಂದ.
ವೇಸ್ಟ್ ಎಂಬುದು ಒಂದು ಊರಾಗಿದ್ದರೆ
ಆ ಊರು ಎಲ್ಲಿದೆಯೆಂದು ನನಗೆ ಗೊತ್ತಿತ್ತು:
ತೋಡು ತಿರುಗುವಲ್ಲಿ, ಲೈನ್ ಮನೆಗಳ ಹಿಂದೆ.

ಓಝೋನಿನ ಸ್ವಭಾವ ಬೇರೆ.
ಗುಳುಗುಳು ಸದ್ದು, ಸಿಡಿಲು ಬಂದುಹೋದ ಮೇಲಿನ ವಾಸನೆ.
ವಿಷವನ್ನು ಹಿಡಿಯುವುದಿಲ್ಲ, ಒಡೆಯುತ್ತದೆ.
ಕ್ಲೋರ್‌ಪೈರಿಫಾಸಿನ ಗೆರೆ ಮೂರು ಗಂಟೆಯಲ್ಲಿ ಮಲಗಿತು.
ಖುಷಿಪಡುವಷ್ಟರಲ್ಲಿ ಪಕ್ಕದಲ್ಲೊಂದು ಸಣ್ಣ ಗೆರೆ
ತಲೆಯೆತ್ತಿತು, ತಾಯಿಗಿಂತ ಚೂಪು ಹಲ್ಲಿನ ಕೂಸು.
ಅದರ ಹೆಸರು ಟೆಂಡರಿನ ಪಟ್ಟಿಯಲ್ಲಿಲ್ಲ.
ಪಟ್ಟಿಯಲ್ಲಿಲ್ಲದ್ದನ್ನು ಅಳೆದರೆ
ಯಾರು ಹೇಳಿದ್ದು ಅನ್ನುತ್ತಾರೆ ಮೇಲಿನವರು.
ಅಳೆದೆ.

ಲೈನಿನಿಂದ ದಿನಾ ಸ್ಯಾಂಪಲ್ ತರುವ ಬೊಳ್ಚಿ
ಒಂದು ದಿನ ಬಕೆಟಿನಲ್ಲಿ ಮೂರು ಏಡಿ ತಂದಳು.
'ಒಂದೊಂದು ನೀರಿಗೆ ಒಂದೊಂದು ಬಿಡಿ, ಗೊತ್ತಾಗ್ತದೆ.'
ತೋಡಿನ ತಿರುವಿನಲ್ಲಿ ಈಗ ಸಿಗುವುದಿಲ್ಲವಂತೆ,
ಮೇಲಿನ ಕಾಡಿನಿಂದ ಹಿಡಿದು ತಂದದ್ದು.
ಅಂಥ ಪರೀಕ್ಷೆ ನಮ್ಮಲ್ಲಿಲ್ಲ ಅಂದೆ.
ಅವಳು ಬಕೆಟನ್ನು ನೋಡಿದಳು, ನನ್ನನ್ನಲ್ಲ.

ಇದ್ದಿಲಿನ ಮೇಲೆ ನನಗೆ ಮೊದಲಿಂದ ಪಕ್ಷಪಾತ.
ಸುಟ್ಟ ತೆಂಗಿನ ಚಿಪ್ಪು, ಕರೆಂಟು ಬೇಡ, ಸದ್ದಿಲ್ಲ.
ಒಂದು ಚಮಚದೊಳಗಿನ ಸಂದಿಗಳನ್ನೆಲ್ಲ ಬಿಡಿಸಿ ಹಾಸಿದರೆ
ಒಂದು ಗದ್ದೆಯಗಲ; ಬಂದವರಿಗೆಲ್ಲ ಅಲ್ಲೊಂದು ಜಗಲಿ.
ಹದಿನೆಂಟು ದಿನ ಪುಸ್ತಕದಲ್ಲಿ ಒಂದೇ ಸಾಲು:
ಪತ್ತೆಯಾಗಿಲ್ಲ.
ಇಲ್ಲ ಅಂತಲ್ಲ, ನಮ್ಮ ಯಂತ್ರದ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.
ಇದನ್ನು ಸಭೆಗಳಲ್ಲಿ ವಿವರಿಸಿ ಸೋತಿದ್ದೇನೆ.

ಹದಿನೆಂಟರ ರಾತ್ರಿ ಪಕ್ಕದ ಮನೆಯ ದೇಚವ್ವ
ಬಟ್ಟಲಲ್ಲಿ ತಂದರು ಮದ್ದುಸೊಪ್ಪಿನ ಪಾಯಸ, ಕಡು ನೇರಳೆ.
ಬೆಳಿಗ್ಗೆ ಬಚ್ಚಲಲ್ಲಿ ಊರಿನ ಎಲ್ಲರಂತೆ ನನ್ನದೂ ಕೆಂಪು.
ಒಬ್ಬಳೇ ನಕ್ಕೆ. ಒಳಹೋದದ್ದು
ಬಣ್ಣ ಹಚ್ಚಿಕೊಂಡೇ ಹೊರಬರುವ ಇಂಥ ಪರೀಕ್ಷೆ
ಯಾವ ಕಂಪನಿ ಮಾರುತ್ತದೆ?
ಅದೇ ದಿನ ಇದ್ದಿಲು ತುಂಬಿಹೋಯಿತು.
ಬಣ್ಣವಿಲ್ಲ, ವಾಸನೆಯಿಲ್ಲ, ಲೋಟದಲ್ಲಿ ನಿನ್ನೆಯದೇ ತಿಳಿ.
ಹಾಳೆಯ ಮೇಲೆ ಮಾತ್ರ ಗೆರೆ ಎದ್ದು ಕೂತಿತು.

ಬೊಳ್ಚಿ ಪೀಪಾಯಿಯನ್ನು ಹಲಸಿನಂತೆ ತಟ್ಟಿ ನೋಡಿದಳು.
'ಹೊಟ್ಟೆ ತುಂಬಿದ್ದು ಹೇಳ್ತದಾ ಇದು?'
ಹೇಳುವುದಿಲ್ಲ ಅಂದೆ.
'ಹಾಗಾದ್ರೆ ದಿನಾ ಕೇಳೋರು ಯಾರು?'

ವರದಿಯ ಕೊನೆಯ ಕಾಲಂ, ಶಿಫಾರಸು.
ಇದ್ದಿಲು ಎಂದು ಬರೆದೆ.
ಹದಿನೈದು ದಿನಕ್ಕೊಮ್ಮೆ ಬದಲಿಸತಕ್ಕದ್ದು,
ಹಳೆಯದನ್ನು ತೋಡಿನ ದಂಡೆಗೆ ಸುರಿಯತಕ್ಕದ್ದಲ್ಲ.
ಮತ್ತೆ, ಯಾರೂ ಕೇಳದಿದ್ದರೂ, ಮೇಲಿನ ತೋಟಗಳಲ್ಲಿ
ಹೊಡೆಯುವ ಮದ್ದಿನ ಬಗ್ಗೆ ಒಂದು ಸಾಲು.
ವ್ಯಾಪ್ತಿ ಮೀರಿದ್ದೆಂದು ಅದನ್ನು ಹೊಡೆದುಹಾಕಿದರು.

ಕೇಳುವವರು ಎಂಬ ಕಾಲಂ ನಮೂನೆಯಲ್ಲಿರಲಿಲ್ಲ.
ಪೆನ್ಸಿಲಿನಿಂದ ಗೆರೆ ಎಳೆದು ಬರೆದೆ:
ಬೊಳ್ಚಿ, ಲೈನ್ ಮನೆ ನಂಬರ್ ಏಳು.
ಅದರ ಪಕ್ಕ, ಸಂಬಳ.
ಅಲ್ಲಿಗೆ ಸೀಸ ಮುರಿಯಿತು.